ಗಡಿನಾಡು ಕಾಸರಗೋಡಿನಲ್ಲಿ ಕೆಲಸದ ಹುಡುಕಾಟ: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ಬಿ.ಕಾಂ. ಮುಗಿಸಿ ಎರಡು ವರ್ಷಗಳಾದವು. ನನಗೀಗ 24 ವರ್ಷ. ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಕಲಿತಿದ್ದೇನೆ. ಮಲಯಾಳ ಮಾತನಾಡಬಲ್ಲೆ, ಓದುವಾಗ ಮಾತ್ರ ತಡವರಿಸುತ್ತೇನೆ. ಮಂಗಳೂರಿನ ಹಲವು ಕಂಪನಿಗಳಿಗೆ ಬಯೋಡೇಟಾ ಕಳುಹಿಸಿದರೂ ಉತ್ತರ ಬಂದಿಲ್ಲ. ಅಲ್ಲಿ ಹೋದರೆ ಕೇರಳದವಳು ಎನ್ನುತ್ತಾರೆ, ಇಲ್ಲಿ ಪಿ.ಎಸ್.ಸಿ.ಗೆ (ಕೇರಳ ಲೋಕಸೇವಾ ಆಯೋಗದ ಪರೀಕ್ಷೆಗೆ) ಮಲಯಾಳ ಚೆನ್ನಾಗಿ ಬರಬೇಕು ಎನ್ನುತ್ತಾರೆ. ನಾನು ಯಾವ ಕಡೆ ಪ್ರಯತ್ನಿಸುವುದು ಒಳ್ಳೆಯದು?
– ಬದಿಯಡ್ಕದ ಓದುಗರೊಬ್ಬರು

ಉತ್ತರ: ಯಾವ ಕಡೆ ಎಂದು ತೀರ್ಮಾನಿಸುವ ಮೊದಲು, ಯಾವ ಹುದ್ದೆಯ ವಯೋಮಿತಿ ನಿಮಗೆ ಬೇಗ ಮುಗಿಯುತ್ತದೆ ಎಂಬುದನ್ನು ನೋಡಿಕೊಳ್ಳಿ. ಸ್ಟೇಟ್ ಬ್ಯಾಂಕಿನ ಜೂನಿಯರ್ ಅಸೋಸಿಯೇಟ್ ಹುದ್ದೆಗೂ ಗ್ರಾಮೀಣ ಬ್ಯಾಂಕುಗಳ ಆಫೀಸ್ ಅಸಿಸ್ಟೆಂಟ್ ಹುದ್ದೆಗೂ ಸಾಮಾನ್ಯ ವರ್ಗದವರಿಗೆ 28 ವರ್ಷವೇ ಮಿತಿ, ಕೇರಳ ಪಿ.ಎಸ್.ಸಿ.ಯ ಎಲ್.ಡಿ. (ಕೆಳ ದರ್ಜೆಯ) ಕ್ಲರ್ಕ್ ಹುದ್ದೆಗೆ 36ರವರೆಗೆ ಅವಕಾಶವಿದೆ. ಆದ್ದರಿಂದ ಮುಂದಿನ ಎರಡು ಮೂರು ವರ್ಷಗಳಲ್ಲಿ ನಿಮ್ಮ ಓದಿನ ಹೆಚ್ಚಿನ ಪಾಲು ಬ್ಯಾಂಕ್ ಪರೀಕ್ಷೆಗಳಿಗೆ ಮೀಸಲಾಗಲಿ, ಪಿ.ಎಸ್.ಸಿ. ಜೊತೆಗೇ ಸಾಗಲಿ.

ಬ್ಯಾಂಕಿನ ಕ್ಲರ್ಕ್ ನೇಮಕಾತಿಯಲ್ಲಿ ಅಭ್ಯರ್ಥಿಯು ಒಂದೇ ರಾಜ್ಯವನ್ನು ಆರಿಸಿಕೊಳ್ಳಬೇಕು ಮತ್ತು ಆ ರಾಜ್ಯದ ಭಾಷೆಯನ್ನು ಓದಲು, ಬರೆಯಲು, ಮಾತನಾಡಲು ತಿಳಿದಿರಬೇಕು. ಕೇಳುವುದು ಭಾಷೆಯನ್ನೇ ಹೊರತು ನೀವು ಹುಟ್ಟಿದ ಜಿಲ್ಲೆಯನ್ನಲ್ಲ. ಹತ್ತನೆಯ ತರಗತಿಯ ಅಂಕಪಟ್ಟಿಯಲ್ಲಿ ಕನ್ನಡವಿರುವ ನಿಮಗೆ ಕರ್ನಾಟಕವನ್ನು ಆರಿಸಿಕೊಳ್ಳಲು ಯಾವ ಅಡ್ಡಿಯೂ ಇಲ್ಲ. ಸ್ಟೇಟ್ ಬ್ಯಾಂಕಿನಲ್ಲಂತೂ ಅಂಥವರಿಗೆ ಪ್ರತ್ಯೇಕ ಭಾಷಾ ಪರೀಕ್ಷೆಯೂ ಇರುವುದಿಲ್ಲ. ಆದರೆ ಕರ್ನಾಟಕವೆಂದರೆ ಮಂಗಳೂರು ಮಾತ್ರವಲ್ಲ, ಮೊದಲ ನೇಮಕ ಬೀದರಿನಲ್ಲೂ ಆಗಬಹುದು; ಸ್ಟೇಟ್ ಬ್ಯಾಂಕಿನ ಈ ಹುದ್ದೆಯಿಂದ ಮುಂದೆ ಇನ್ನೊಂದು ರಾಜ್ಯಕ್ಕೆ ವರ್ಗಾವಣೆ ಕೇಳುವುದಕ್ಕೂ ಅವಕಾಶವಿಲ್ಲ. ಮನೆಯವರ ಜೊತೆ ಈ ಮಾತನ್ನು ಅರ್ಜಿ ಹಾಕುವ ಮೊದಲೇ ಆಡಿಕೊಳ್ಳಿ. ಮೀಸಲಾತಿ ಇದ್ದರೆ ಇನ್ನೊಂದು ಎಚ್ಚರ ಬೇಕು: ಕೇರಳದ ತಹಶೀಲ್ದಾರರು ಕೊಟ್ಟ ಜಾತಿ ಪ್ರಮಾಣಪತ್ರದ ಆಧಾರದಲ್ಲಿ ಕರ್ನಾಟಕ ಸರ್ಕಾರದ ಹುದ್ದೆಗಳಲ್ಲಿ ಮೀಸಲಾತಿ ಸಿಗುವುದಿಲ್ಲ, ಅಲ್ಲಿ ನೀವು ಸಾಮಾನ್ಯ ವರ್ಗದಲ್ಲೇ ಸ್ಪರ್ಧಿಸಬೇಕಾಗುತ್ತದೆ. ಕೇಂದ್ರ ಸರ್ಕಾರದ ಮತ್ತು ಬ್ಯಾಂಕುಗಳ ನೇಮಕಾತಿಯಲ್ಲಿ ಹಾಗಲ್ಲ. ನಿಮ್ಮ ಸಮುದಾಯವು ಕೇಂದ್ರದ ಪಟ್ಟಿಯಲ್ಲಿದ್ದು, ಪ್ರಮಾಣಪತ್ರವು ಕೇಂದ್ರದ ನಮೂನೆಯಲ್ಲಿದ್ದರೆ ಸಾಕು.

ಇನ್ನು ಪಿ.ಎಸ್.ಸಿ. ವಿಷಯ. ಕಾಸರಗೋಡು ಜಿಲ್ಲೆಗೆಂದೇ ಕನ್ನಡ ಮತ್ತು ಮಲಯಾಳ ಎರಡನ್ನೂ ಬಲ್ಲ ಕ್ಲರ್ಕ್‌ಗಳ ಹುದ್ದೆಗೆ ಪ್ರತ್ಯೇಕ ಅಧಿಸೂಚನೆ ಬರುತ್ತದೆ. ಹುದ್ದೆಗಳು ಕಡಿಮೆಯೇ, ಆದರೆ ತಿರುವನಂತಪುರದಿಂದ ಬಂದು ಇಲ್ಲಿ ಕನ್ನಡದಲ್ಲಿ ಉತ್ತರ ಬರೆಯಬಲ್ಲವರೂ ಕಡಿಮೆ. ನಿಮಗಿರುವ ಕೊರತೆ ಮಲಯಾಳ ಲಿಪಿಯ ಅಭ್ಯಾಸವೊಂದೇ. ದಿನವೂ ಒಂದು ಮಲಯಾಳ ಪತ್ರಿಕೆಯನ್ನು ಗಟ್ಟಿಯಾಗಿ ಓದಿ, ಒಂದು ಪುಟ ನಕಲು ಮಾಡಿದರೆ ಆರು ತಿಂಗಳಲ್ಲಿ ಅದು ಕೈಗೆ ಬರುತ್ತದೆ. ಮಲಯಾಳ ಕಲಿತರೆ ಕನ್ನಡದ ಹಕ್ಕನ್ನು ಬಿಟ್ಟುಕೊಟ್ಟಂತೆ ಎಂದು ನಮ್ಮಲ್ಲಿ ಕೆಲವು ಹಿರಿಯರು ಈಗಲೂ ಹೇಳುವುದುಂಟು. ಅವರ ಕಾಳಜಿಯನ್ನು ಗೌರವಿಸುತ್ತೇನೆ, ಆದರೆ ಒಪ್ಪುವುದಿಲ್ಲ: ಕಚೇರಿಯ ಮೇಜಿನಾಚೆ ಕನ್ನಡ ಬಲ್ಲ ಗುಮಾಸ್ತರಿದ್ದರೆ ಮಾತ್ರ ಕನ್ನಡದಲ್ಲಿ ಬರೆದ ಅರ್ಜಿಗೆ ಬೆಲೆ ಬರುವುದು, ಆ ಕುರ್ಚಿಗೆ ತಲುಪಲು ಎರಡೂ ಭಾಷೆಗಳು ಬೇಕು. ಪಿ.ಎಸ್.ಸಿ.ಯ ‘ತುಳಸಿ’ ತಾಣದಲ್ಲಿ ಒಂದು ಬಾರಿಯ ನೋಂದಣಿ ಮಾಡಿಕೊಳ್ಳಿ, ಅರ್ಜಿಗೆ ಶುಲ್ಕವಿಲ್ಲ. ಆದರೆ ಅರ್ಜಿ ಹಾಕಿದ ಮೇಲೆ, ಪರೀಕ್ಷೆ ಬರೆಯುತ್ತೇನೆಂಬ ದೃಢೀಕರಣವನ್ನು ನಿಗದಿತ ದಿನದೊಳಗೆ ಅದೇ ತಾಣದಲ್ಲಿ ಕೊಡದಿದ್ದರೆ ಅರ್ಜಿ ತಿರಸ್ಕೃತವಾಗುತ್ತದೆ. ಚೆನ್ನಾಗಿ ಓದಿಯೂ ಈ ಒಂದು ಕಾರಣಕ್ಕೆ ಅವಕಾಶ ಕಳೆದುಕೊಳ್ಳುವುದಕ್ಕಿಂತ ಬೇಸರದ ಸಂಗತಿ ಬೇರೊಂದಿಲ್ಲ.

ಬಿ.ಕಾಂ. ಪದವೀಧರರು ಮರೆಯುವ ಇನ್ನೊಂದು ದಾರಿ ಕೇರಳದ ಸೇವಾ ಸಹಕಾರಿ ಬ್ಯಾಂಕುಗಳದ್ದು. ಅಲ್ಲಿನ ಜೂನಿಯರ್ ಕ್ಲರ್ಕ್ ಹುದ್ದೆಗಳಿಗೆ ರಾಜ್ಯದ ಸಹಕಾರಿ ಸೇವಾ ಪರೀಕ್ಷಾ ಮಂಡಳಿ ಪರೀಕ್ಷೆ ನಡೆಸುತ್ತದೆ. ನಿಮ್ಮ ಪದವಿಯಲ್ಲಿ ಸಹಕಾರ ಐಚ್ಛಿಕ ವಿಷಯವಾಗಿತ್ತೇ ಎಂದು ನೋಡಿ. ಇಲ್ಲದಿದ್ದರೆ ಸಹಕಾರ ವಿಷಯದ ಹೈಯರ್ ಡಿಪ್ಲೊಮಾದಂಥ (ಎಚ್.ಡಿ.ಸಿ.) ಅರ್ಹತೆಯೊಂದನ್ನು ಪಡೆದುಕೊಳ್ಳಬೇಕಾಗುತ್ತದೆ.

ಮಂಗಳೂರಿನ ಕಂಪನಿಗಳು ಉತ್ತರಿಸದಿರುವುದಕ್ಕೆ ನೀವು ಕೇರಳದವರೆಂಬುದು ಕಾರಣವೆಂದು ನನಗನಿಸುವುದಿಲ್ಲ. ನೇಮಕಾತಿ ಬಿಗಿಯಾಗಿರುವಾಗ ಎಲ್ಲರಿಗೂ ಕಳುಹಿಸಿದ ಒಂದೇ ಬಯೋಡೇಟಾವನ್ನು ಯಾರೂ ತೆರೆದು ನೋಡುವುದಿಲ್ಲ. ಟ್ಯಾಲಿ ತಂತ್ರಾಂಶದಲ್ಲಿ ಲೆಕ್ಕ ಬರೆಯುವುದನ್ನೂ ಜಿ.ಎಸ್.ಟಿ. ರಿಟರ್ನ್ ಸಲ್ಲಿಸುವುದನ್ನೂ ಕಲಿತು, ಲೆಕ್ಕಪರಿಶೋಧಕರ ಕಚೇರಿಗಳಿಗೂ ಅಡಿಕೆ ವ್ಯಾಪಾರದ ಸಂಸ್ಥೆಗಳಿಗೂ ನೇರವಾಗಿ ಹೋಗಿ ಕೇಳಿ. ಎರಡೂ ರಾಜ್ಯಗಳ ಬೆಳೆಗಾರರ ಜೊತೆ ವ್ಯವಹರಿಸುವ ಕಚೇರಿಗೆ ಎರಡೂ ಭಾಷೆಯಲ್ಲಿ ಫೋನೆತ್ತಿ ಮಾತನಾಡುವವರು ಬೇಕಾಗುತ್ತದೆ. ಆ ಮಾತು ಬಯೋಡೇಟಾದ ಮೊದಲ ಸಾಲಿನಲ್ಲೇ ಇರಲಿ.

ಪ್ರಶ್ನೆ: ಹತ್ತನೆಯ ತರಗತಿ ಪಾಸಾದ ನನ್ನ ತಮ್ಮನಿಗೆ ದುಬೈಯಲ್ಲಿ ಕೆಲಸ ಕೊಡಿಸುತ್ತೇನೆಂದು ಪರಿಚಿತರೊಬ್ಬರು ಒಂದೂವರೆ ಲಕ್ಷ ರೂಪಾಯಿ ಕೇಳುತ್ತಿದ್ದಾರೆ. ಮೊದಲು ವಿಸಿಟ್ ವೀಸಾದಲ್ಲಿ ಹೋಗಲಿ, ಆಮೇಲೆ ಬದಲಾಯಿಸಿದರಾಯಿತು ಎನ್ನುತ್ತಾರೆ. ನಂಬಬಹುದೇ?
– ಉಪ್ಪಳದ ಓದುಗರೊಬ್ಬರು

ಉತ್ತರ: ದಯವಿಟ್ಟು ಹಣ ಕೊಡಬೇಡಿ. ವಿದೇಶಕ್ಕೆ ಕೆಲಸಗಾರರನ್ನು ಕಳುಹಿಸುವವರಿಗೆ ಕೇಂದ್ರ ವಿದೇಶಾಂಗ ಸಚಿವಾಲಯದ ಪರವಾನಗಿ ಇರಲೇಬೇಕು. ಅವರು ಅಭ್ಯರ್ಥಿಯಿಂದ ಪಡೆಯಬಹುದಾದ ಸೇವಾ ಶುಲ್ಕ ಹೆಚ್ಚೆಂದರೆ 30,000 ರೂಪಾಯಿ ಮತ್ತು ಅದರ ಮೇಲಿನ ಜಿ.ಎಸ್.ಟಿ., ಅದಕ್ಕೂ ರಸೀದಿ ಕೊಡಬೇಕು. ಪರವಾನಗಿ ಇದೆಯೇ ಎಂಬುದನ್ನು ‘ಇ-ಮೈಗ್ರೇಟ್’ ತಾಣದಲ್ಲಿ ನೀವೇ ನೋಡಬಹುದು. ಪರಿಚಿತರು, ನೆಂಟರು ಎಂಬುದು ಪರವಾನಗಿಯಾಗುವುದಿಲ್ಲ. ವಿಸಿಟ್ ವೀಸಾದಲ್ಲಿ ಕೆಲಸ ಮಾಡುವುದು ಅಲ್ಲಿ ಕಾನೂನುಬಾಹಿರ. ಸಂಬಳ ಸಿಗದಿದ್ದರೆ ದೂರು ಕೊಡಲು ನಿಮ್ಮ ತಮ್ಮನ ಕೈಯಲ್ಲಿ ಒಂದು ಕಾಗದವೂ ಇರುವುದಿಲ್ಲ. ಕೇರಳ ಸರ್ಕಾರದ್ದೇ ಆದ ಒಡೆಪೆಕ್ ಮತ್ತು ನೋರ್ಕಾ ರೂಟ್ಸ್ ಸಂಸ್ಥೆಗಳು ವಿದೇಶದ ನೇಮಕಾತಿ ನಡೆಸುತ್ತವೆ, ಅವುಗಳ ಪ್ರಕಟಣೆಗಳನ್ನು ಗಮನಿಸುತ್ತಿರಿ. ಈಗಾಗಲೇ ಮುಂಗಡವನ್ನು ಆನ್‌ಲೈನ್ ಮೂಲಕ ಕೊಟ್ಟಿದ್ದು ಮೋಸವೆಂದು ತಿಳಿದಿದ್ದರೆ, ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930 ಸಂಖ್ಯೆಗೆ ಕರೆ ಮಾಡಿ, ಪೊಲೀಸ್ ಠಾಣೆಯಲ್ಲೂ ದೂರು ಕೊಡಿ.

ಪ್ರಶ್ನೆ: ಪಿ.ಎಸ್.ಸಿ.ಗೆ ಓದುತ್ತಿರುವಾಗಲೇ ಮಂಗಳೂರಿನಲ್ಲಿ ಕಡಿಮೆ ಸಂಬಳದ ಕೆಲಸವೊಂದು ಸಿಗುವಂತಿದೆ. ಸೇರಲೇ?
– ಮಂಜೇಶ್ವರದ ಓದುಗರೊಬ್ಬರು

ಉತ್ತರ: ಸೇರಿಕೊಳ್ಳಿ. ಪಿ.ಎಸ್.ಸಿ.ಯ ಅಧಿಸೂಚನೆಯಿಂದ ನೇಮಕದವರೆಗೆ ವರ್ಷಗಳೇ ಹಿಡಿಯುತ್ತವೆ, ಅಷ್ಟೂ ಕಾಲ ಮನೆಯಲ್ಲಿ ಕುಳಿತವರು ಹೆಚ್ಚು ಓದಿದ್ದನ್ನು ನಾನು ಕಂಡದ್ದು ಅಪರೂಪ. ಮಂಜೇಶ್ವರದಿಂದ ರೈಲಿನ ಸೀಸನ್ ಟಿಕೆಟ್ ಮಾಡಿಸಿದರೆ ಖರ್ಚೂ ಹೆಚ್ಚಿಲ್ಲ. ಆದರೆ ನೇಮಕಾತಿ ಪತ್ರವನ್ನು ಬರವಣಿಗೆಯಲ್ಲಿ ಕೇಳಿ ಪಡೆಯಿರಿ. ತಿಂಗಳ ವೇತನ 21,000 ರೂಪಾಯಿಯ ಒಳಗಿದ್ದು, ಸಂಸ್ಥೆಯಲ್ಲಿ ಹತ್ತು ಅಥವಾ ಅದಕ್ಕಿಂತ ಹೆಚ್ಚು ಕೆಲಸಗಾರರಿದ್ದರೆ ಇ.ಎಸ್.ಐ. (ನೌಕರರ ರಾಜ್ಯ ವಿಮೆ) ಸೌಲಭ್ಯವಿದೆಯೇ ಎಂದೂ ವಿಚಾರಿಸಿ. ಮೂಲ ಅಂಕಪಟ್ಟಿಗಳನ್ನು ಕಚೇರಿಯಲ್ಲಿ ಇರಿಸಿಕೊಳ್ಳುತ್ತೇವೆಂದರೆ ಒಪ್ಪಬೇಡಿ. ತೋರಿಸಿ, ಜೆರಾಕ್ಸ್ ಪ್ರತಿ ಕೊಟ್ಟು ವಾಪಸು ತನ್ನಿ. ಪಿ.ಎಸ್.ಸಿ.ಯ ದಾಖಲೆ ಪರಿಶೀಲನೆಗೆ ಕರೆ ಬಂದಾಗ ಬೇಕಾಗುವುದು ಮೂಲ ಪ್ರತಿಗಳೇ.