ನಾಡಿ ಹಿಡಿದು ಕೂತ ಗಂಡ

ನಾನು ಆಪ್ತ ಸಲಹೆಗಾರ್ತಿ. ನನ್ನ ಬಳಿ ಬಂದ ಒಬ್ಬರ ಕಥೆ ಇದು, ಗುರುತು ಸಿಗದ ಹಾಗೆ ಕೆಲವು ವಿವರ ಬದಲಿಸಿದ್ದೇನೆ. ಆಕೆಗೆ ಮೂವತ್ತರ ಆಸುಪಾಸು, ಕೆಲಸದಲ್ಲಿದ್ದಾರೆ, ಮದುವೆಯಾಗಿದೆ. ಇದಕ್ಕಿಂತ ಜಾಸ್ತಿ ಬೇಕಾಗಿಲ್ಲ. ಇದೇ ಕಥೆ ನನ್ನ ಮುಂದೆ ಮತ್ತೆ ಮತ್ತೆ ಬಂದು ಕೂರುತ್ತದೆ. ಒಮ್ಮೊಮ್ಮೆ ಗಂಡನ ಜಾಗದಲ್ಲಿ ಅಮ್ಮ ಇರುತ್ತಾರೆ, ಒಮ್ಮೊಮ್ಮೆ ಮಗಳು, ಅಷ್ಟೇ.

ಆಕೆಗೆ ಪ್ಯಾನಿಕ್ ಅಟ್ಯಾಕ್ ಆಗುತ್ತಿತ್ತು. ಇದ್ದಕ್ಕಿದ್ದಂತೆ ಎದೆ ಡವಡವ, ಬೆರಳು ಜುಮ್ಮೆನ್ನುವುದು, ಉಸಿರು ಸಾಲದ ಹಾಗೆ, ಈಗ ಸತ್ತೇ ಹೋಗ್ತೀನಿ ಅನ್ನುವ ಭಯ. ಮೊದಲ ಸಲ ನಡುರಾತ್ರಿ ಆಸ್ಪತ್ರೆಗೆ ಓಡಿದ್ದರು. ಇಸಿಜಿ, ಥೈರಾಯ್ಡ್, ರಕ್ತಪರೀಕ್ಷೆ, ಎಲ್ಲಾ ನಾರ್ಮಲ್. ಇಷ್ಟೆಲ್ಲಾ ಆದ ಮೇಲೆ ನನ್ನ ಹತ್ತಿರ ಬಂದದ್ದು. ದಾರಿ ಸರಿಯಾಗಿಯೇ ಇತ್ತು. ಎದೆನೋವು ಬಂದವರು ಮೊದಲು ಹೋಗಬೇಕಾದ್ದು ಆಸ್ಪತ್ರೆಗೆ, ನನ್ನ ಬಳಿಗಲ್ಲ. ಥೈರಾಯ್ಡ್ ಏರಿದರೂ ಎದೆ ಹೀಗೇ ಹೊಡೆದುಕೊಳ್ಳುತ್ತದೆ. ಆದರೆ ಒಂದು ಸಲ ಸರಿಯಾಗಿ ನೋಡಿಸಿಕೊಳ್ಳುವುದು ಬೇರೆ, ಭಯ ಆದಾಗಲೆಲ್ಲಾ ಇಸಿಜಿ ತೆಗೆಸುವುದು ಬೇರೆ.

ಮೊದಮೊದಲ ಭೇಟಿಗಳಲ್ಲಿ ದೇಹದಲ್ಲಿ ಏನಾಗುತ್ತದೆ ಅಂತ ವಿವರಿಸಿದೆ. ಅಪಾಯ ಇಲ್ಲದಿದ್ದರೂ ಅಪಾಯ ಅಂತ ಮೆದುಳು ಕೂಗುತ್ತದೆ, ಅಡ್ರಿನಲಿನ್ ಅನ್ನುವ ಹಾರ್ಮೋನ್ ಏರುತ್ತದೆ, ಎದೆಬಡಿತ ಹೆಚ್ಚುತ್ತದೆ. ಗಾಬರಿಯಲ್ಲಿ ಜೋರಾಗಿ ಉಸಿರಾಡಿದಾಗ ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಕಡಿಮೆಯಾಗುತ್ತದೆ. ಬೆರಳು ಜುಮ್ಮೆನ್ನುವುದು, ತಲೆ ಹಗುರಾಗುವುದು ಅದರಿಂದಲೇ. ಸಾಮಾನ್ಯವಾಗಿ ಹತ್ತು ನಿಮಿಷದೊಳಗೆ ಇದು ತುದಿ ಮುಟ್ಟಿ ಇಳಿಯಲು ಶುರುವಾಗುತ್ತದೆ. ಆಕೆ ಚೆನ್ನಾಗಿ ಅರ್ಥ ಮಾಡಿಕೊಂಡರು. ಕೇಳಿದರೆ ನನಗಿಂತ ಚೆನ್ನಾಗಿ ಹೇಳುತ್ತಿದ್ದರು. ಭಯ ಮಾತ್ರ ಇದ್ದಲ್ಲೇ ಇತ್ತು. ಒಬ್ಬರೇ ಲಿಫ್ಟ್ ಹತ್ತುತ್ತಿರಲಿಲ್ಲ. ಎದೆ ಹೊಡೆದುಕೊಳ್ಳುತ್ತದೆ ಅಂತ ಮೆಟ್ಟಿಲೂ ಬಿಟ್ಟಿದ್ದರು. ಗಂಡನೇ ಕೆಲಸಕ್ಕೆ ಬಿಟ್ಟು, ಗಂಡನೇ ಕರೆದುಕೊಂಡು ಬರಬೇಕು.

ಹಾಗಾಗಿ ಒಂದು ಭೇಟಿಗೆ ಗಂಡನನ್ನೂ ಒಳಗೆ ಕರೆದೆ.

ಇಬ್ಬರೂ ಕೈ ಹಿಡಿದುಕೊಂಡು ಕೂತರು. ನೋಡುವವರಿಗೆ ಖುಷಿಯಾಗಬೇಕು, ಅಷ್ಟು ಅನ್ಯೋನ್ಯ. ಸ್ವಲ್ಪ ಹೊತ್ತಿನ ಮೇಲೆ ಗಮನಿಸಿದೆ. ಗಂಡನ ಬೆರಳುಗಳು ಆಕೆಯ ಅಂಗೈಯಲ್ಲಿರಲಿಲ್ಲ, ಮಣಿಕಟ್ಟಿನ ಮೇಲಿದ್ದವು. ಮಾತಾಡುತ್ತಲೇ ಆಕೆ ಅವರ ಕಡೆ ಒಮ್ಮೆ ನೋಡುತ್ತಿದ್ದರು. ಅವರು ಸಣ್ಣಗೆ ತಲೆಯಾಡಿಸುತ್ತಿದ್ದರು. ಮತ್ತೆ ಮಾತು ಮುಂದುವರಿಯುತ್ತಿತ್ತು.

"ಈಗ ಏನು ಕೇಳಿದ್ರಿ ಅವರನ್ನ?" ಅಂದೆ.

ಇಬ್ಬರಿಗೂ ಮುಜುಗರ ಆಯಿತು. ಆಕೆಯೇ ಹೇಳಿದರು, "ಪಲ್ಸ್ ಸರಿ ಇದ್ಯಾ ಅಂತ."

"ಸರಿ ಇದೆ ಅಂದ್ರೆ ಸಮಾಧಾನ ಆಗುತ್ತಾ?"

"ಆಗುತ್ತೆ ಮೇಡಂ."

"ಎಷ್ಟು ಹೊತ್ತು?"

ಆಕೆ ಯೋಚಿಸಿದರು. "ಇವರು ಕೈ ಬಿಡೋವರೆಗೂ."

ಗಂಡ ಕೆಳಗೆ ನೋಡುತ್ತಾ ಕೂತರು. ಆಮೇಲೆ ಕೇಳಿದರು, "ನಾನು ಹೇಳೋದು ನಿಲ್ಲಿಸಿದ್ರೆ, ನಂಗೆ ಇವಳ ಬಗ್ಗೆ ಕಾಳಜಿ ಇಲ್ಲ ಅನ್ಸಲ್ವಾ ಮೇಡಂ?"

ನನ್ನ ಪ್ರಕಾರ ಇಡೀ ಪ್ರಕರಣ ಈ ಪ್ರಶ್ನೆಯಲ್ಲಿದೆ. ಪ್ರೀತಿ ತೋರಿಸಲು ಅವರಿಗೆ ಉಳಿದಿದ್ದ ದಾರಿಯೇ ಅದು. ಆದರೆ ಪ್ರತಿ ಸಲ 'ಸರಿ ಇದೆ' ಅಂದಾಗಲೂ ಆಕೆಯ ಮನಸ್ಸು ಕಲಿಯುತ್ತಿದ್ದುದು ಒಂದೇ: ಇವರು ನೋಡಿದ್ದಕ್ಕೆ ಬದುಕಿದೆ. ನೋಡದಿದ್ದರೂ ಏನೂ ಆಗುತ್ತಿರಲಿಲ್ಲ ಅನ್ನುವುದನ್ನು ಕಲಿಯಲು ಅವಕಾಶವೇ ಸಿಕ್ಕಿರಲಿಲ್ಲ.

ಅವತ್ತೇ ಇಬ್ಬರೂ ಸೇರಿ ಒಪ್ಪಿದ ಮಾತು ಇದು. ಆಕೆ ಕೇಳಿದಾಗ ಅವರು ನಾಡಿ ನೋಡುವುದಿಲ್ಲ, 'ಏನೂ ಆಗಲ್ಲ' ಅಂತಲೂ ಹೇಳುವುದಿಲ್ಲ. "ಭಯ ಆಗ್ತಿದೆ ಅಂತ ಗೊತ್ತು. ನಾನು ಇಲ್ಲೇ ಇದೀನಿ. ಅದು ಇಳಿಯೋವರೆಗೂ ಕಾಯೋಣ," ಇಷ್ಟೇ ಹೇಳುತ್ತಾರೆ. ಇದನ್ನು ಒಂದೇ ದಿನದಲ್ಲಿ ಎಲ್ಲಾ ಕಡೆ ಮಾಡಬೇಕಿಲ್ಲ. ಮೊದಲು ಮನೆಯೊಳಗೆ, ಆಮೇಲೆ ಹೊರಗೆ.

ಆಮೇಲೆ ಎದೆಬಡಿತ ಏರಲಿ ಅಂತಲೇ ಆಕೆಯನ್ನು ಎಬ್ಬಿಸಿ, ನಿಂತಲ್ಲೇ ಒಂದು ನಿಮಿಷ ಜೋರಾಗಿ ಹೆಜ್ಜೆ ಹಾಕಿಸಿದೆ. ಕೈ ತಾನಾಗಿ ಮಣಿಕಟ್ಟಿಗೆ ಹೋಯಿತು. "ಮುಟ್ಟಬೇಡಿ, ಸುಮ್ನೆ ಕೂತ್ಕೊಳ್ಳಿ" ಅಂದೆ. ಕಣ್ಣಲ್ಲಿ ನೀರು ಬಂತು. ಗಂಡ ಎರಡೂ ಕೈಯನ್ನು ತಮ್ಮ ತೊಡೆಯ ಕೆಳಗೆ ಇಟ್ಟುಕೊಂಡು ಕೂತಿದ್ದರು. ಸ್ವಲ್ಪ ಹೊತ್ತಿಗೆ ಎದೆಬಡಿತ ತಾನೇ ಇಳಿಯಿತು. ಯಾರೂ ಎಣಿಸಿರಲಿಲ್ಲ.

ಇದು ಕ್ರೂರ ಅಂತ ನನಗೆ ಹೇಳಿದವರಿದ್ದಾರೆ. ಹೆದರಿದವರ ಕೈ ಹಿಡಿಯಬೇಡಿ ಅಂತ ಹೇಳುವ ನೀವೆಂಥ ಸಲಹೆಗಾರರು ಅಂತ. ಕೈ ಹಿಡಿಯಿರಿ, ಎಣಿಸಬೇಡಿ ಅಂತಷ್ಟೇ ನಾನು ಹೇಳುವುದು. ಹೆದರುವ ಲಕ್ಷಣಗಳನ್ನು ಬೇಕೆಂದೇ, ಸುರಕ್ಷಿತವಾಗಿ ಬರಿಸಿಕೊಂಡು ಅಭ್ಯಾಸ ಮಾಡುವುದು ಪ್ಯಾನಿಕ್‌ಗೆ ಚೆನ್ನಾಗಿ ಕೆಲಸ ಮಾಡುವ ಚಿಕಿತ್ಸೆಯ ಭಾಗವೇ. ಹೃದಯ, ಉಸಿರಾಟ ಸರಿ ಇದೆ ಅಂತ ಡಾಕ್ಟರು ಹೇಳಿದ ಮೇಲೆ ಮಾತ್ರ, ತಿಳಿದವರ ಜೊತೆ ಶುರು ಮಾಡಬೇಕು. ಇದನ್ನು ಓದಿ ಇವತ್ತೇ ಮನೆಯಲ್ಲಿ ಯಾರನ್ನೂ ಓಡಿಸಬೇಡಿ.

ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ 2019ರಲ್ಲಿ ಜಗತ್ತಿನಾದ್ಯಂತ 30.1 ಕೋಟಿ ಜನರಿಗೆ ಆತಂಕದ ಕಾಯಿಲೆಗಳಿದ್ದವು. ಅಂದರೆ ಪಕ್ಕದಲ್ಲಿ ಕೂತು ಧೈರ್ಯ ಹೇಳುವವರ ಸಂಖ್ಯೆಯೂ ಸಣ್ಣದಲ್ಲ. ನಾನು ಬರೆಯುತ್ತಿರುವುದು ಮುಖ್ಯವಾಗಿ ಅವರಿಗೆ. ನಿಮ್ಮ ಮನೆಯವರು ಒಂದೇ ಪ್ರಶ್ನೆಯನ್ನು ದಿನವೂ ಕೇಳುತ್ತಿದ್ದರೆ, ನಿಮ್ಮ ಉತ್ತರ ಅವರಿಗೆ ಎಷ್ಟು ಹೊತ್ತು ಸಾಕಾಗುತ್ತಿದೆ ನೋಡಿ. ಆ ಹೊತ್ತು ದಿನೇ ದಿನೇ ಕಡಿಮೆಯಾಗುತ್ತಿದ್ದರೆ ಉತ್ತರ ಬದಲಿಸುವ ಸಮಯ ಬಂದಿದೆ. ಹೇಳದೆ ಕೇಳದೆ ನಿಲ್ಲಿಸಬೇಡಿ, ಅದು ಸಿಟ್ಟಿನ ಹಾಗೆ ಕಾಣುತ್ತದೆ. ಮೊದಲೇ ಮಾತಾಡಿಕೊಳ್ಳಿ. ಬದುಕೇ ಬೇಡ ಅನ್ನುವ ಮಾತು ಬಂದರೆ ಮಾತ್ರ ಈ ಲೆಕ್ಕ ಯಾವುದೂ ಇಲ್ಲ. ಒಂಟಿಯಾಗಿ ಬಿಡಬೇಡಿ, ತಕ್ಷಣ ವೈದ್ಯರ ಹತ್ತಿರ ಕರೆದೊಯ್ಯಿರಿ.

ಉಳಿದ ಸಲಹೆಗಳು ನೀವೂ ಕೇಳಿರುವಂಥವೇ. ಆಕೆ ಕಾಫಿ, ಟೀಯಲ್ಲಿರುವ ಕೆಫೀನ್ ಕಡಿಮೆ ಮಾಡಿದರು, ಅದು ಎದೆಬಡಿತ ಏರಿಸಿ ಇಲ್ಲದ ಭಯ ಹುಟ್ಟಿಸುತ್ತಿತ್ತು. ದಿನಾ ನಡೆಯಲು ಶುರು ಮಾಡಿದರು. ಮನೋವೈದ್ಯರು ಬರೆದ ಮಾತ್ರೆ ಕೆಲಸ ಮಾಡಲು ಕೆಲವು ವಾರ ಬೇಕಾಯಿತು. ಮಧ್ಯದಲ್ಲಿ ಬಿಟ್ಟುಬಿಡೋಣ ಅಂದಾಗ, ಡಾಕ್ಟರನ್ನು ಕೇಳದೆ ಬೇಡ ಅಂದೆ. ಅಟ್ಯಾಕ್ ಬಂದರೆ ಇರಲಿ ಅಂತ ಪರ್ಸಿನಲ್ಲಿ ಸದಾ ಇರುತ್ತಿದ್ದ 'ತಕ್ಷಣದ' ಮಾತ್ರೆ ಈಗಲೂ ಇದೆ. ಅದನ್ನು ಬಿಡುವ ಸರದಿ ಆಮೇಲೆ.

ಈಗ ಆಕೆ ಲಿಫ್ಟ್‌ನಲ್ಲಿ ಒಬ್ಬರೇ ಹೋಗುತ್ತಾರೆ. ಅಟ್ಯಾಕ್ ಪೂರ್ತಿ ನಿಂತಿಲ್ಲ, ಬಂದರೆ ಮೊದಲಿನಷ್ಟು ಗಾಬರಿಯಿಲ್ಲ. ಗಂಡ ಆಗಾಗ ತಪ್ಪುತ್ತಾರೆ, ಆಕೆಯೇ ಕೈ ಎಳೆದುಕೊಳ್ಳುತ್ತಾರಂತೆ. ಅವರಿಗೂ ಬೇರೆ ಸಮಯ ಕೊಟ್ಟಿದ್ದೇನೆ. ರಾತ್ರಿ ಹೆಂಡತಿ ನಿದ್ದೆ ಮಾಡುತ್ತಿದ್ದಾರೆ, ಇವರಿಗೆ ಬರುತ್ತಿಲ್ಲ.