ಮನೆಯಲ್ಲಿ ಎರಡು ರೂಟರ್, ಎರಡಕ್ಕೂ ಒಂದೇ ಅಡ್ರೆಸ್

ಪ್ರಶ್ನೆ: ಕೇಬಲ್‌ನವರು ಹಾಕಿಕೊಟ್ಟ ಫೈಬರ್ ಬಾಕ್ಸ್ ಕೆಳಗಿನ ಹಾಲ್‌ನಲ್ಲಿದೆ. ಮಹಡಿಗೆ ಸಿಗ್ನಲ್ ಬರಲ್ಲ ಅಂತ ಹೊಸ ರೂಟರ್ ತಂದು ವೈರ್ ಎಳೆಸಿದೆ. ಈಗ ಮೇಲೆ ವೈಫೈ ಫುಲ್ ಕಡ್ಡಿ ತೋರಿಸುತ್ತದೆ, ನೆಟ್ ಮಾತ್ರ ಇಲ್ಲ. ಒಮ್ಮೊಮ್ಮೆ ಕೆಳಗಿನದೂ ನಿಂತುಹೋಗುತ್ತದೆ. ರೂಟರೇ ಕೆಟ್ಟಿದೆಯಾ?
– ಓದುಗರು, ಶಿರಸಿ

ಉತ್ತರ: ಕೆಟ್ಟಿರಲಿಕ್ಕಿಲ್ಲ, ವಾಪಸ್ ಕೊಡೋಕೆ ಹೋಗಬೇಡಿ. ಎರಡೂ ಬಾಕ್ಸ್‌ಗಳ ಅಡಿಯಲ್ಲಿ ಅಂಟಿಸಿರುವ ಸ್ಟಿಕ್ಕರ್ ನೋಡಿ. ಎರಡರಲ್ಲೂ 192.168.1.1 ಅಂತಲೇ ಇರುವ ಸಾಧ್ಯತೆ ಜಾಸ್ತಿ. ಈ 192.168ರ ಸಾಲನ್ನು ಮನೆ, ಆಫೀಸಿನ ಒಳಗಿನ ಬಳಕೆಗೆ ಅಂತಲೇ 1990ರ ದಶಕದಲ್ಲಿ ಎತ್ತಿಟ್ಟಿದ್ದಾರೆ. ಹಾಗಾಗಿ ಪಕ್ಕದ ಮನೆಯವರದ್ದೂ ಅದೇ ನಂಬರ್ ಆಗಿದ್ದರೆ ಏನೂ ತೊಂದರೆಯಿಲ್ಲ. ಒಂದೇ ಮನೆಯ ವೈರಿನಲ್ಲಿ ಎರಡು ಕೂತರೆ ಮಾತ್ರ ತಕರಾರು. ಜೊತೆಗೆ ಎರಡೂ ಬಾಕ್ಸ್‌ಗಳು ಡಿಎಚ್‌ಸಿಪಿ ಮೂಲಕ ಫೋನು, ಟಿವಿಗಳಿಗೆ ತಾವೇ ಅಡ್ರೆಸ್ ಹಂಚುತ್ತಿರುತ್ತವೆ. ಹೊಸ ಬಾಕ್ಸ್ ಕೊಟ್ಟ ಅಡ್ರೆಸ್ ಹಿಡಿದ ಫೋನು ಹೊರಗೆ ಹೋಗೋಕೆ ಅದನ್ನೇ ಕೇಳುತ್ತದೆ, ಅದಕ್ಕೆ ಹೊರಗಿನ ದಾರಿ ಗೊತ್ತಿಲ್ಲ.

ಹೊಸ ರೂಟರಿನಿಂದ, ಕೆಳಗಿನ ಬಾಕ್ಸಿನಿಂದ ಬಂದ ವೈರ್ ತೆಗೆಯಿರಿ. ಲ್ಯಾಪ್‌ಟಾಪ್ ಒಂದನ್ನೇ ಅದಕ್ಕೆ ಸಿಕ್ಕಿಸಿ 192.168.1.1 ತೆರೆಯಿರಿ. ಆಕ್ಸೆಸ್ ಪಾಯಿಂಟ್ ಮೋಡ್ (ಬರೀ ವೈಫೈ ಹರಡುವ ಕೆಲಸ) ಅಂತ ಇದ್ದರೆ ಅದನ್ನು ಆರಿಸಿದರೆ ಸಾಕು, ಮುಂದಿನದನ್ನು ಅದೇ ನೋಡಿಕೊಳ್ಳುತ್ತದೆ. ಇಲ್ಲವಾದರೆ ಮೊದಲು ಡಿಎಚ್‌ಸಿಪಿ ಆಫ್ ಮಾಡಿ, ಆಮೇಲೆ ಲ್ಯಾನ್ ಸೆಟ್ಟಿಂಗ್ಸ್‌ನಲ್ಲಿ ಅಡ್ರೆಸ್ ಅನ್ನು 192.168.1.2 ಮಾಡಿ, ಸೇವ್ ಮಾಡಿ. ಕೆಳಗಿನಿಂದ ಬಂದ ವೈರನ್ನು ವ್ಯಾನ್ ಅಂತ ಬರೆದಿರುವ ಪೋರ್ಟಿಗೆ ಹಾಕಬೇಡಿ, ಲ್ಯಾನ್ ಪೋರ್ಟಿಗೆ ಹಾಕಿ. ಕೆಳಗಿನ ಬಾಕ್ಸ್ ತನ್ನ ಅಡ್ರೆಸ್‌ಗಳನ್ನು 192.168.1.10ರಿಂದ ಮುಂದಕ್ಕೆ ಹಂಚುವಂತೆ ಇಟ್ಟರೆ 2ನೇ ನಂಬರ್ ಬೇರೆ ಯಾರ ಪಾಲಿಗೂ ಹೋಗುವುದಿಲ್ಲ.

ಒಂದು ಮಾತು. ಏನೇ ಗೊಂದಲವಾದರೂ ಕೆಳಗಿನ ಬಾಕ್ಸ್‌ನ ರೀಸೆಟ್ ತೂತಿಗೆ ಪಿನ್ ಚುಚ್ಚಬೇಡಿ. ಕೇಬಲ್‌ನವರು ತುಂಬಿಸಿದ ಯೂಸರ್‌ನೇಮ್, ಪಾಸ್‌ವರ್ಡ್ ಎಲ್ಲ ಅಳಿಸಿಹೋಗಬಹುದು, ಮತ್ತೆ ಅವರು ಬರೋ ತನಕ ಇಡೀ ಮನೆಗೆ ನೆಟ್ ಇರಲ್ಲ.

ಪ್ರಶ್ನೆ: ವೈಫೈ ಹೆಸರು ಯಾರಿಗೂ ಕಾಣದ ಹಾಗೆ ಮಾಡಿದ್ದೇನೆ. ನಮ್ಮ ಮನೆಯ ಫೋನುಗಳಿಗೆ ಮಾತ್ರ ಅನುಮತಿ ಕೊಡುವ ಮ್ಯಾಕ್ ಫಿಲ್ಟರ್ ಕೂಡ ಹಾಕಿದ್ದೇನೆ. ಇಷ್ಟು ಸಾಕಲ್ವಾ?
– ಓದುಗರು, ತುಮಕೂರು

ಉತ್ತರ: ಸಾಲದು. ಬಚ್ಚಿಟ್ಟ ಹೆಸರು ಸುಲಭವಾಗಿ ಸಿಗುತ್ತದೆ, ಮ್ಯಾಕ್ ಅಡ್ರೆಸ್ಸನ್ನೂ, ಅಂದರೆ ಪ್ರತಿ ಫೋನಿನ ಗುರುತಿನ ನಂಬರನ್ನೂ, ನಕಲು ಮಾಡಬಹುದು. ಮೇಲಾಗಿ ಈಗಿನ ಫೋನುಗಳು ಮ್ಯಾಕ್ ಅಡ್ರೆಸ್ಸನ್ನು ತಾವೇ ಬದಲಿಸುತ್ತವೆ, ಸುಮ್ನೆ ನಿಮಗೇ ತಲೆನೋವು.

ನಾನು ನಿಮ್ಮನ್ನು ಕೇಳುವುದು ಬೇರೆ. ರೂಟರಿಗೆ ಎರಡು ಪಾಸ್‌ವರ್ಡ್ ಇರುತ್ತವೆ, ಎರಡನೆಯದನ್ನು ಬದಲಿಸಿದ್ದೀರಾ? ಒಂದು ವೈಫೈಗೆ ಸೇರೋಕೆ, ಅದು ಎಲ್ಲರಿಗೂ ಗೊತ್ತು. ಇನ್ನೊಂದು ರೂಟರಿನ ಸೆಟ್ಟಿಂಗ್ಸ್ ತೆರೆಯೋಕೆ. ಅದು ಎಷ್ಟೋ ಮನೆಗಳಲ್ಲಿ ಇನ್ನೂ ಅಡ್ಮಿನ್, ಅಡ್ಮಿನ್ ಅಂತಲೇ ಇದೆ. ಅತಿಥಿಯಾಗಿ ಬಂದು ವೈಫೈ ಪಾಸ್‌ವರ್ಡ್ ಕೇಳಿದವರು ಯಾರೇ ಆಗಲಿ, ಮನಸ್ಸು ಮಾಡಿದರೆ ಒಳಹೊಕ್ಕು ಡಿಎನ್ಎಸ್ (ಸೈಟಿನ ಹೆಸರಿಗೆ ಅಡ್ರೆಸ್ ಹುಡುಕಿಕೊಡುವ ಸೆಟ್ಟಿಂಗ್) ಬದಲಿಸಿ ನಿಮ್ಮನ್ನು ನಕಲಿ ಸೈಟುಗಳ ಕಡೆ ತಿರುಗಿಸಬಹುದು. ದಯವಿಟ್ಟು ಇವತ್ತೇ ಬದಲಿಸಿ, ಚೀಟಿಯಲ್ಲಿ ಬರೆದು ಬೀರುವಿನಲ್ಲಿಡಿ. ಬಂದುಹೋಗುವವರಿಗೆ ಗೆಸ್ಟ್ ನೆಟ್‌ವರ್ಕ್ ಬೇರೆ ಮಾಡಿಕೊಡಿ.

ಸೆಕ್ಯುರಿಟಿ ಜಾಗದಲ್ಲಿ ಡಬ್ಲ್ಯುಪಿಎ3 ಇದ್ದರೆ ಅದು, ಹಳೇ ಫೋನು ಸೇರದಿದ್ದರೆ ಡಬ್ಲ್ಯುಪಿಎ2 ಎಇಎಸ್. ಡಬ್ಲ್ಯುಇಪಿ ಅಂತಿದ್ದರೆ ಅದನ್ನು ಆರಿಸಲೇಬೇಡಿ, ಅದನ್ನು ಒಡೆಯುವ ದಾರಿ 2001ರಲ್ಲೇ ಬಯಲಾಗಿದೆ. ಪಾಸ್‌ವರ್ಡ್ ಬದಲು ಬಟನ್ ಅಥವಾ ಪಿನ್‌ನಿಂದ ವೈಫೈಗೆ ಸೇರಿಸುವ ಡಬ್ಲ್ಯುಪಿಎಸ್ ಕೂಡ ಆಫ್ ಮಾಡಿ. ಅದರ ಪಿನ್ 8 ಅಂಕಿ ಅಂತ ನೋಡೋಕೆ ಗಟ್ಟಿ. ಆದರೆ ರೂಟರು ಅದನ್ನು ಎರಡು ಅರ್ಧಗಳಾಗಿ ಪರಿಶೀಲಿಸುತ್ತದೆ, ಕೊನೆಯ ಅಂಕಿ ಉಳಿದವುಗಳಿಂದಲೇ ಲೆಕ್ಕಕ್ಕೆ ಸಿಗುತ್ತದೆ. ಹೀಗಾಗಿ ಹೆಚ್ಚೆಂದರೆ 11 ಸಾವಿರ ಪ್ರಯತ್ನದಲ್ಲಿ ಪಿನ್ ಸಿಕ್ಕಿಬಿಡುತ್ತದೆ ಅಂತ 2011ರಲ್ಲೇ ತೋರಿಸಿಕೊಟ್ಟಿದ್ದಾರೆ. ಮನೆಯ ಹೊರಗಿನಿಂದಲೂ ಸೆಟ್ಟಿಂಗ್ಸ್ ತೆರೆಯಲು ಬಿಡುವ ರಿಮೋಟ್ ಮ್ಯಾನೇಜ್‌ಮೆಂಟ್ ಆನ್ ಆಗಿದ್ದರೆ ಅದೂ ಬೇಡ.

ಪ್ರಶ್ನೆ: ತೋಟದ ಮನೆಯ ಸಿಸಿಟಿವಿಯನ್ನು ಊರಲ್ಲಿ ಕೂತು ನೋಡಲು ಪೋರ್ಟ್ ಫಾರ್ವರ್ಡಿಂಗ್ (ಹೊರಗಿನಿಂದ ಬಂದ ಕೋರಿಕೆಯನ್ನು ರೂಟರ್ ಕ್ಯಾಮೆರಾಕ್ಕೆ ದಾಟಿಸುವ ವ್ಯವಸ್ಥೆ) ಮಾಡಿದೆ. ಕೆಲಸ ಮಾಡುತ್ತಿಲ್ಲ.
– ಓದುಗರು, ಸಕಲೇಶಪುರ

ಉತ್ತರ: ರೂಟರಿನ ಸ್ಟೇಟಸ್ ಪುಟದಲ್ಲಿ ವ್ಯಾನ್ ಐಪಿ, ಅಂದರೆ ಕಂಪನಿ ನಿಮ್ಮ ರೂಟರಿಗೆ ಕೊಟ್ಟ ಅಡ್ರೆಸ್ ನೋಡಿ. 100.64ರಿಂದ 100.127ರ ಒಳಗಿದ್ದರೆ ನಿಮ್ಮ ಕಂಪನಿ ಒಂದೇ ಹೊರಗಿನ ಅಡ್ರೆಸ್ಸನ್ನು ಹಲವು ಮನೆಗಳಿಗೆ ಹಂಚಿದೆ ಅಂತ ಅರ್ಥ. ಆಗ ನೀವು ಎಷ್ಟು ಪೋರ್ಟ್ ತೆರೆದರೂ ಹೊರಗಿನಿಂದ ಯಾರೂ ಅಲ್ಲಿಗೆ ತಲುಪಲ್ಲ. ಕ್ಯಾಮೆರಾ ಕಂಪನಿಯದೇ ಆ್ಯಪ್ ಬಳಸಿ, ತೆರೆದ ಪೋರ್ಟ್ ಮುಚ್ಚಿಬಿಡಿ. ಕ್ಯಾಮೆರಾದ ಪಾಸ್‌ವರ್ಡನ್ನೂ ಬದಲಿಸಿ. 2016ರಲ್ಲಿ ಮಿರಾಯ್ ಅನ್ನುವ ವೈರಸ್ಸು ಲಕ್ಷಾಂತರ ಕ್ಯಾಮೆರಾ, ರೂಟರುಗಳನ್ನು ಹಿಡಿದಿದ್ದು ಫ್ಯಾಕ್ಟರಿಯಿಂದ ಬಂದ ಪಾಸ್‌ವರ್ಡ್‌ಗಳ ಒಂದು ಸಣ್ಣ ಪಟ್ಟಿಯಿಂದಲೇ.