ಬೆಳಕು ಎಲ್ಲಿಂದ ಬರುತ್ತಿದೆ ಎಂದು ಕೇಳಿಕೊಳ್ಳಿ

ನಿಮ್ಮ ಪ್ರಶ್ನೆ ಓದಿದ ಕೂಡಲೇ ಬರೆಯಲು ಕುಳಿತಿದ್ದೇನೆ. ಗೆಳೆಯರೆಲ್ಲ ಸೇರಿ ಹಳೆಯ ಶ್ರೇಷ್ಠ ಚಿತ್ರಗಳನ್ನು ನೋಡುತ್ತೇವೆ, ಆದರೆ ಮಾತು ನಟರು, ಹಾಡು, ಕತೆ ಇಷ್ಟಕ್ಕೇ ನಿಂತುಬಿಡುತ್ತದೆ, ನಿರ್ದೇಶಕರ ಮತ್ತು ಛಾಯಾಗ್ರಾಹಕರ ಕೆಲಸವನ್ನು ಹಿಡಿದು ಮಾತನಾಡುವುದು ಹೇಗೆ, ಅದಕ್ಕೆ ಕ್ಯಾಮೆರಾ ವಿದ್ಯೆ ಗೊತ್ತಿರಬೇಕೇ ಎಂದು ಕೇಳಿದ್ದೀರಿ. ಗೊತ್ತಿರಬೇಕಿಲ್ಲ. ಒಂದು ಶಾಟ್ ನಿಲ್ಲಿಸಿ, "ಇಲ್ಲಿ ಬೆಳಕು ಎಲ್ಲಿಂದ ಬರುತ್ತಿದೆ?" ಎಂದು ಕೇಳುವಷ್ಟು ತಾಳ್ಮೆ ಇದ್ದರೆ ಸಾಕು. ಉಳಿದದ್ದೆಲ್ಲ ಆ ಪ್ರಶ್ನೆಯ ಹಿಂದೆಯೇ ಬರುತ್ತದೆ.

ನಾನು ಬೀದರಿನಲ್ಲಿ ಫೋಟೋ ಸ್ಟುಡಿಯೋ ನಡೆಸುತ್ತೇನೆ. ಮದುವೆ, ಕುಬಸ, ನಾಮಕರಣ, ಪಾಸ್‌ಪೋರ್ಟ್ ಅಳತೆಯ ಫೋಟೋ, ಇದೇ ನನ್ನ ಅನ್ನ. ಭಾನುವಾರ ಸಂಜೆ ಅಂಗಡಿ ಮುಚ್ಚಿದ ಮೇಲೆ ಹಿಂದಿನ ಕೋಣೆಯಲ್ಲಿ ನಾಲ್ಕೈದು ಜನ ಕೂಡಿ ಒಂದು ಚಿತ್ರ ನೋಡುತ್ತೇವೆ. ಮೊದಮೊದಲು ನಮ್ಮ ಮಾತೂ ನಿಮ್ಮವರ ಮಾತಿನಂತೆಯೇ ಇತ್ತು. ಅದು ಬದಲಾದದ್ದು ಸಿನಿಮಾ ಪುಸ್ತಕ ಓದಿ ಅಲ್ಲ, ಬಿದರಿ ಕೆಲಸ ನೋಡಿ.

ಚೌಬಾರಾದಿಂದ ಗವಾನ್ ಮದರಸಾ ಕಡೆಗೆ ಹೋಗುವ ರಸ್ತೆಯಲ್ಲಿ ಬಿದರಿ ಅಂಗಡಿಗಳಿವೆ. ಅಲ್ಲಿನ ಒಬ್ಬ ಹಿರಿಯ ಕುಶಲಕರ್ಮಿಯ ಬಳಿ ಹೂದಾನಿಗಳ ಫೋಟೋ ತೆಗೆಯಲು ಹೋಗಿದ್ದೆ. ಸತು ಮತ್ತು ಸ್ವಲ್ಪ ತಾಮ್ರ ಬೆರೆಸಿ ಎರಕ ಹೊಯ್ದ ಪಾತ್ರೆ ಮೊದಲು ಬೂದು ಬಣ್ಣದ್ದು. ಅದರ ಮೇಲೆ ಉಳಿಯಿಂದ ಗೆರೆ ಕೊರೆದು, ಗೆರೆಯೊಳಗೆ ಬೆಳ್ಳಿಯ ತಂತಿ ಕೂರಿಸಿ ಬಡಿಯುತ್ತಾರೆ. ಆಗ ನೋಡಿದರೆ ಬೆಳ್ಳಿ ಎದ್ದು ಕಾಣುವುದೇ ಇಲ್ಲ, ಬೂದುಬಣ್ಣದಲ್ಲಿ ಬೂದುಬಣ್ಣ. ಕೊನೆಗೆ ಕೋಟೆಯೊಳಗೆ ಮಳೆ ಬಿಸಿಲು ತಾಗದ ಜಾಗದಿಂದ ತಂದ ಮಣ್ಣಿಗೆ ನವಸಾಗರ ಬೆರೆಸಿ, ಬಿಸಿ ಮಾಡಿದ ಪಾತ್ರೆಗೆ ಹಚ್ಚಿ ಉಜ್ಜುತ್ತಾರೆ. ಕಣ್ಣೆದುರಿಗೇ ಲೋಹ ಕಾಡಿಗೆಯಂತೆ ಕಪ್ಪಾಗುತ್ತದೆ, ಬೆಳ್ಳಿಗೆ ಮಾತ್ರ ಏನೂ ಆಗುವುದಿಲ್ಲ. "ಚಾಚಾ, ಬೆಳ್ಳಿ ಹೊಳೆಯಲು ಏನು ಹಚ್ಚುತ್ತೀರಿ?" ಎಂದು ಕೇಳಿದೆ. "ಬೆಳ್ಳಿಗೆ ನಾನು ಏನೂ ಮಾಡುವುದಿಲ್ಲ ಬೇಟಾ, ಸುತ್ತಲಿನದನ್ನು ಕಪ್ಪು ಮಾಡುತ್ತೇನೆ" ಎಂದರು.

ಅದೇ ವಾರ ನಾವು 'ಸಾಹಿಬ್ ಬೀಬಿ ಔರ್ ಗುಲಾಮ್' ನೋಡಿದೆವು. 1962ರ ಚಿತ್ರ. ನಿರ್ದೇಶಕರ ಹೆಸರು ಅಬ್ರಾರ್ ಅಲ್ವಿ, ನಿರ್ಮಾಪಕರು ಗುರುದತ್, ಛಾಯಾಗ್ರಾಹಕರು ನಮ್ಮ ಮೈಸೂರಿನ ವಿ.ಕೆ. ಮೂರ್ತಿ. ಜಮೀನ್ದಾರರ ಕೋಠಿಯಲ್ಲಿ ನಡೆಯುವ 'ಸಾಕಿಯಾ ಆಜ್ ಮುಝೆ' ಹಾಡು ನಿಮಗೆ ನೆನಪಿರಬಹುದು. ನಾನು ಅದನ್ನು ಎಷ್ಟು ಸಲ ನೋಡಿದ್ದೆನೋ, ಆದರೆ ಅಂದು ಮಾತ್ರ ಎದೆ ಝಲ್ಲೆಂದಿತು. ಮುಖ್ಯ ನರ್ತಕಿಯ ಮೇಲೆ ಬೆಳಕಿದೆ. ಅವಳ ಸುತ್ತ ಕುಣಿಯುವ ಹೆಂಗಸರ ಮೇಲೆ ಇಲ್ಲ. ಅವರು ಹಾಡು ಮುಗಿಯುವವರೆಗೂ ಕಪ್ಪು ಆಕೃತಿಗಳಾಗಿಯೇ ಇದ್ದುಬಿಡುತ್ತಾರೆ. ಒಂದೇ ಹಜಾರ, ಒಂದೇ ಕುಣಿತ, ಕೈಯಳತೆಯ ದೂರ, ಆದರೂ ಒಬ್ಬಳು ಬೆಳಕಿನಲ್ಲಿ, ಉಳಿದವರು ನೆರಳಿನಲ್ಲಿ. ಇದನ್ನು ಮಾಡುವುದು ಎಷ್ಟು ಕಷ್ಟವೆಂದು ದೀಪ ಹಿಡಿದವರಿಗೆ ಗೊತ್ತು. ಬೆಳಕು ಹಚ್ಚುವುದು ಸುಲಭ, ಅದು ಪಕ್ಕದವರ ಮೇಲೆ ಚೆಲ್ಲದಂತೆ ತಡೆಯುವುದು ಕಷ್ಟ. ಕುಣಿಯುವವರು ಒಂದು ಕಡೆ ನಿಲ್ಲುವುದೂ ಇಲ್ಲ. ನಾನು ಟಿವಿ ನಿಲ್ಲಿಸಿ, "ಇದು ಬಿದರಿ!" ಎಂದು ಕೂಗಿಬಿಟ್ಟೆ. ಅಂದಿನಿಂದ ನಮ್ಮ ಮಾತಿನ ದಾರಿ ಬೇರೆಯಾಯಿತು.

ಮೂರ್ತಿಯವರ ಬಗ್ಗೆ ಸ್ವಲ್ಪ ಹೆಚ್ಚೇ ಹೇಳುತ್ತೇನೆ, ಏಕೆಂದರೆ ಅವರು ಕನ್ನಡಿಗರೆಂಬುದೇ ನಮ್ಮಲ್ಲಿ ಬಹಳ ಜನರಿಗೆ ತಿಳಿದಿಲ್ಲ, ಅದು ನನಗೆ ನೋವಿನ ಸಂಗತಿ. ಅವರು ಕಲಿತದ್ದು ಬೆಂಗಳೂರಿನ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್‌ನಲ್ಲಿ. ಬೆಂಗಳೂರಿನಲ್ಲೇ ಹುಟ್ಟಿದ ಗುರುದತ್, ಮೂರ್ತಿಯವರನ್ನು ಗುರುತಿಸಿದ್ದು 1951ರ 'ಬಾಝಿ' ಚಿತ್ರೀಕರಣದಲ್ಲಿ. ಆಗ ಮೂರ್ತಿ ಅಲ್ಲಿ ಸಹಾಯಕರು. ಮುಂದಿನ ಚಿತ್ರ 'ಜಾಲ್'ನಿಂದ ಅವರೇ ಛಾಯಾಗ್ರಾಹಕರಾದರು. 2008ನೇ ಸಾಲಿನ ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿ ಅವರಿಗೆ ಬಂತು. ಅದನ್ನು ಪಡೆದ ಮೊದಲ ಛಾಯಾಗ್ರಾಹಕರು ಅವರು. ಕನ್ನಡದಲ್ಲಿ 'ಹೂವು ಹಣ್ಣು' ಚಿತ್ರಕ್ಕೂ ಕ್ಯಾಮೆರಾ ಹಿಡಿದಿದ್ದಾರೆ.

1959ರ 'ಕಾಗಝ್ ಕೆ ಫೂಲ್' ಭಾರತದ ಮೊದಲ ಸಿನಿಮಾಸ್ಕೋಪ್ ಚಿತ್ರ. ಅದರ 'ವಕ್ತ್ ನೆ ಕಿಯಾ' ಹಾಡಿನಲ್ಲಿ ಖಾಲಿ ಸ್ಟುಡಿಯೋದೊಳಗೆ ಮೇಲಿನಿಂದ ಒಂದು ಬೆಳಕಿನ ಕೋಲು ಓರೆಯಾಗಿ ಬೀಳುತ್ತದೆ. ಅದು ಸ್ಟುಡಿಯೋ ದೀಪದ ಬೆಳಕಲ್ಲ, ಬಿಸಿಲು. ಹೊರಗಿನ ಬಿಸಿಲನ್ನು ಕನ್ನಡಿಗಳಿಂದ ಒಳಗೆ ತಿರುಗಿಸಿ ಮೂರ್ತಿ ಆ ಕೋಲನ್ನು ತಂದರು. ಆ ಬೆಳಕಿನಲ್ಲಿ ತೇಲುವ ಕಣಗಳನ್ನು ನೋಡಿ. ಅಲ್ಲಿ ಪ್ರೀತಿಸುವ ಇಬ್ಬರೂ ಹತ್ತಿರ ಬರಲಾರರು, ಬೆಳಕು ಮಾತ್ರ ಅವರ ನಡುವೆ ನಿಂತಿದೆ. ಇಲ್ಲಿ ನಿರ್ದೇಶಕರ ಕೆಲಸವನ್ನೂ ಗಮನಿಸಿ. ಸಿನಿಮಾಸ್ಕೋಪ್ ಎಂದರೆ ಎತ್ತರಕ್ಕಿಂತ ಎರಡು ಪಟ್ಟಿಗೂ ಹೆಚ್ಚು ಅಗಲದ ಪರದೆ. ಬೇರೆಯವರಾಗಿದ್ದರೆ ಆ ಅಗಲವನ್ನು ಜನಜಂಗುಳಿಯಿಂದ ತುಂಬಿಸುತ್ತಿದ್ದರು. ಗುರುದತ್ ಅದನ್ನು ಖಾಲಿ ಬಿಟ್ಟರು. ಆ ಖಾಲಿ ಜಾಗವೇ ಕಥಾನಾಯಕನ ಒಂಟಿತನ. ಜಾಗ ಖಾಲಿ ಬಿಡಬೇಕೆಂಬುದು ಒಬ್ಬರ ನಿರ್ಧಾರ, ಅದು ಖಾಲಿಯೆಂದು ನಮ್ಮ ಕಣ್ಣಿಗೆ ತಾಗುವಂತೆ ಒಂದೇ ಒಂದು ಕೋಲು ಬೆಳಕು ಬಿಟ್ಟದ್ದು ಇನ್ನೊಬ್ಬರ ಕೈಚಳಕ. ಚಿತ್ರ ಸೋತಿತು, ಆ ಬಳಿಕ ಗುರುದತ್ ತಮ್ಮ ಹೆಸರಿನಲ್ಲಿ ಯಾವ ಚಿತ್ರವನ್ನೂ ನಿರ್ದೇಶಿಸಲಿಲ್ಲ.

ಎಲ್ಲ ಬೆಳಕೂ ಹೀಗೆ ಕತ್ತರಿಸಿದಂತೆ ಬೀಳಬೇಕಿಲ್ಲ. ನೀವು ಕಲಬುರಗಿಯ ಕಡೆಗೆ ಬಂದರೆ ಕೋಟೆಯೊಳಗಿನ ಜಾಮಾ ಮಸೀದಿಗೆ ಹೋಗಿ, 1367ರದು. ಸಾಮಾನ್ಯವಾಗಿ ಮಸೀದಿಗಳಿಗೆ ತೆರೆದ ಅಂಗಳವಿರುತ್ತದೆ. ಇಲ್ಲಿ ಅದಿಲ್ಲ, ಪೂರ್ತಿ ಚಾವಣಿ ಹೊದಿಸಿದ್ದಾರೆ. ಬೆಳಕು ಪಕ್ಕದ ಅಗಲವಾದ ಕಮಾನುಗಳಿಂದ ಒಳಗೆ ಬಂದು, ನೆಲಕ್ಕೆ ಬಿದ್ದು, ಅಲ್ಲಿಂದ ಗೋಡೆಗೂ ಚಾವಣಿಗೂ ಏಳುತ್ತದೆ. ಒಳಗೆ ನಿಂತವರ ಮುಖದ ಮೇಲೆ ಗಡುಸಾದ ನೆರಳಿರುವುದಿಲ್ಲ, ಯಾವ ಕಡೆಯಿಂದ ಬೆಳಕು ಬಂತೆಂದು ಹೇಳುವುದೇ ಕಷ್ಟ. ನಾನು ಅಲ್ಲಿ ನನ್ನ ಮಗಳ ಒಂದು ಫೋಟೋ ತೆಗೆದಿದ್ದೇನೆ. ಫ್ಲ್ಯಾಶ್ ಇಲ್ಲ, ರಿಫ್ಲೆಕ್ಟರ್ ಇಲ್ಲ. ನನ್ನ ಸ್ಟುಡಿಯೋದಲ್ಲಿ ಇಷ್ಟು ವರ್ಷ ತೆಗೆದ ಯಾವ ಭಾವಚಿತ್ರವೂ ಅದಕ್ಕೆ ಸಮನಲ್ಲ.

ಇದನ್ನೇ ಛಾಯಾಗ್ರಾಹಕ ಸುಬ್ರತ ಮಿತ್ರ, ಕಟ್ಟಿದ ಸೆಟ್ಟಿನೊಳಗೆ ಮಾಡಿ ತೋರಿಸಿದರು. ಸತ್ಯಜಿತ್ ರಾಯ್ ಅವರ 'ಅಪರಾಜಿತೊ' 1956ರದು. ಕಾಶಿಯ ಮನೆಯ ಅಂಗಳವನ್ನು ಕಲ್ಕತ್ತೆಯ ಸ್ಟುಡಿಯೋದಲ್ಲಿ ಕಟ್ಟಿದ್ದರು. ಕಾಶಿಯ ಹಳೆಯ ಮನೆಗಳಲ್ಲಿ ಬೆಳಕು ಆಕಾಶದಿಂದ ಅಂಗಳಕ್ಕೆ ಇಳಿಯುತ್ತದೆ, ಅದಕ್ಕೆ ನೆರಳು ಕಡಿಮೆ. ದೀಪ ನೇರವಾಗಿ ಬಿಟ್ಟರೆ ನೆರಳು ನಾಲ್ಕು ಕಡೆ ಬಿದ್ದು ಸೆಟ್ಟಿನ ಗುಟ್ಟು ರಟ್ಟಾಗುತ್ತದೆ. ಮಿತ್ರ ಸೆಟ್ಟಿನ ಮೇಲೆ ಬಿಳಿ ಬಟ್ಟೆ ಎಳೆದು ಕಟ್ಟಿಸಿ, ದೀಪಗಳನ್ನು ಕೆಳಗಿನಿಂದ ಬಟ್ಟೆಗೆ ತಿರುಗಿಸಿದರು. ಬಟ್ಟೆಗೆ ಬಡಿದು ಹಿಂದಿರುಗಿದ ಬೆಳಕು ಆಕಾಶದ ಬೆಳಕಾಯಿತು. ಮದುವೆ ಮನೆಯಲ್ಲಿ ನಾವು ಇಂದು ಬಿಳಿ ಛತ್ರಿಗೆ ದೀಪ ತಿರುಗಿಸುವುದೂ ಇದೇ ಲೆಕ್ಕ. ಅದಕ್ಕೂ ಮೊದಲು, 1955ರ 'ಪಥೇರ್ ಪಾಂಚಾಲಿ'ಯ ಕೆಲಸಕ್ಕೆ ಇಳಿದಾಗ ಮಿತ್ರ ಇಪ್ಪತ್ತೊಂದರ ಹುಡುಗ, ಸಿನಿಮಾ ಕ್ಯಾಮೆರಾ ಮುಟ್ಟಿದವನೇ ಅಲ್ಲ. ಇದನ್ನು ನಾನು ನನ್ನ ಸ್ಟುಡಿಯೋಗೆ ಕೆಲಸ ಕಲಿಯಲು ಬರುವ ಹುಡುಗರಿಗೆಲ್ಲ ಹೇಳುತ್ತೇನೆ.

ಇನ್ನು ನಿಮ್ಮ ಪ್ರಶ್ನೆಯ ಕಷ್ಟದ ಭಾಗ. ತೆರೆಯ ಮೇಲೆ ಕಾಣುವುದರಲ್ಲಿ ನಿರ್ದೇಶಕರದು ಎಷ್ಟು, ಛಾಯಾಗ್ರಾಹಕರದು ಎಷ್ಟು? ಒಂದೇ ಚಿತ್ರ ನೋಡಿ ಹೇಳಲಾಗದು. ನಾವು ಒಂದು ರೂಢಿ ಮಾಡಿಕೊಂಡಿದ್ದೇವೆ: ಒಬ್ಬ ಛಾಯಾಗ್ರಾಹಕರು ಇಬ್ಬರು ನಿರ್ದೇಶಕರಿಗೆ ಮಾಡಿದ ಎರಡು ಚಿತ್ರ, ಅಥವಾ ಒಬ್ಬ ನಿರ್ದೇಶಕರು ಇಬ್ಬರು ಛಾಯಾಗ್ರಾಹಕರ ಜೊತೆ ಮಾಡಿದ ಎರಡು ಚಿತ್ರಗಳನ್ನು ಒಂದರ ಹಿಂದೆ ಒಂದರಂತೆ ನೋಡುತ್ತೇವೆ. ಎರಡರಲ್ಲೂ ಉಳಿದದ್ದು ಯಾವುದು, ಬದಲಾದದ್ದು ಯಾವುದು ಎಂದು ಹುಡುಕುತ್ತೇವೆ.

ಕನ್ನಡದಲ್ಲಿ ಇದಕ್ಕೆ ಗಿರೀಶ ಕಾಸರವಳ್ಳಿಯವರಷ್ಟು ಒಳ್ಳೆಯ ಪಾಠ ಇನ್ನೊಂದಿಲ್ಲ. 1977ರ 'ಘಟಶ್ರಾದ್ಧ'ಕ್ಕೆ ಎಸ್. ರಾಮಚಂದ್ರ, 'ದ್ವೀಪ'ಕ್ಕೆ ಎಚ್.ಎಂ. ರಾಮಚಂದ್ರ ಹಾಲ್ಕೆರೆ. ಮೊದಲನೆಯದು ಕಪ್ಪು ಬಿಳುಪು. ಅದರ ಕೊನೆ ನೋಡಿ: ಊರು ಹೊರಹಾಕಿದ ವಿಧವೆ ಯಮುನಕ್ಕ ಬೋಳಿಸಿದ ತಲೆಯಲ್ಲಿ ಮರದ ಕೆಳಗೆ ಒಂಟಿಯಾಗಿ ಕುಳಿತಿದ್ದಾಳೆ, ಹುಡುಗ ನಾಣಿ ಅವಳನ್ನು ಬಿಟ್ಟು ಹೋಗುತ್ತಿದ್ದಾನೆ. ಅಷ್ಟು ಹೊತ್ತು ಅವಳ ಪಕ್ಕದಲ್ಲೇ ಇದ್ದ ನಾವು ಕೂಡ ಅವಳನ್ನು ಬಿಟ್ಟು ಹೋಗುತ್ತೇವೆ. ನಮ್ಮ ಗುಂಪಿನ ನಿವೃತ್ತ ಶಿಕ್ಷಕರೊಬ್ಬರು ಇದನ್ನು ನೋಡಿದಾಗಲೆಲ್ಲ ಕಣ್ಣೊರೆಸಿಕೊಳ್ಳುತ್ತಾರೆ. ಈ ಚಿತ್ರವನ್ನು ಈಚೆಗೆ ದುರಸ್ತಿ ಮಾಡಿ ಹೊಸ ಪ್ರತಿ ತೆಗೆದಿದ್ದಾರೆ, 2024ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ತೋರಿಸಿದರು. ಇಷ್ಟು ದಿನ ನಾವು ಮಾಸಿದ ಪ್ರತಿಗಳಲ್ಲಿ ಕಂಡ ಕಪ್ಪು ರಾಮಚಂದ್ರರ ಕಪ್ಪಲ್ಲ, ಆದ್ದರಿಂದ ಹೊಸ ಪ್ರತಿ ಸಿಕ್ಕರೆ ಅದನ್ನೇ ನೋಡಿ.

'ದ್ವೀಪ' ಬಣ್ಣದ ಚಿತ್ರ, ಛಾಯಾಗ್ರಹಣಕ್ಕೆ 2001ರ ಸಾಲಿನ ರಾಷ್ಟ್ರಪ್ರಶಸ್ತಿ ಪಡೆದದ್ದು. ಅಣೆಕಟ್ಟಿನ ಹಿನ್ನೀರು ಏರುತ್ತಾ ಒಂದು ಕುಟುಂಬವನ್ನು ಗುಡ್ಡದ ಮೇಲೆ ಒಂಟಿಯಾಗಿಸುವ ಕತೆ. ನಮ್ಮ ಸೀಮೆಯಲ್ಲಿ ತೊಗರಿ ಬಿತ್ತಿ ಮೋಡ ನೋಡುತ್ತಾ ಕೂರುವವರು ನಾವು, ಮೋಡ ಕವಿದರೆ ನಮ್ಮ ಮುಖ ಅರಳುತ್ತದೆ. ಹಾಲ್ಕೆರೆಯವರ ಮೋಡ ನೋಡಿದಾಗ ಮೊದಲ ಸಲ ನನಗೆ ಮಳೆಯೆಂದರೆ ಹೆದರಿಕೆಯಾಯಿತು. ಆ ಹಸಿರು, ಆ ನೀಲಿ ಕಣ್ಣಿಗೆ ತಂಪೆನಿಸುವುದಿಲ್ಲ, ಮೈಗೆ ಚಳಿ ಹತ್ತಿಸುತ್ತದೆ. ಎರಡು ಚಿತ್ರಗಳ ಬೆಳಕು ಪೂರ್ತಿ ಬೇರೆ. ಉಳಿದದ್ದೇನು? ಊರು ಕೈಬಿಟ್ಟ ಹೆಣ್ಣಿನ ಪಕ್ಕದಲ್ಲಿ ಅವಸರವಿಲ್ಲದೆ ಕುಳಿತು ನೋಡುವ ಗುಣ. ಅದು ಕಾಸರವಳ್ಳಿ. ಇನ್ನು ಎಸ್. ರಾಮಚಂದ್ರರ ಗುಣ ಹಿಡಿಯಬೇಕಾದರೆ 'ಘಟಶ್ರಾದ್ಧ'ದ ಜೊತೆಗೆ ಬಿ.ವಿ. ಕಾರಂತರ 'ಚೋಮನ ದುಡಿ' ನೋಡಿ, ಅದಕ್ಕೂ ಕ್ಯಾಮೆರಾ ಅವರದೇ.

ನಮ್ಮ ಭಾಗದವರಿಗೆ ಇನ್ನೊಂದು ಜೋಡಿ ಬಹಳ ಹತ್ತಿರದ್ದು. ಗಿರೀಶ ಕಾರ್ನಾಡರ 'ಕಾಡು' 1973ರದು, ಶ್ಯಾಮ್ ಬೆನಗಲ್ ಅವರ 'ಅಂಕುರ್' 1974ರದು. ಎರಡಕ್ಕೂ ಛಾಯಾಗ್ರಾಹಕರು ಗೋವಿಂದ ನಿಹಲಾನಿ. ಅವರೂ ಅದೇ ಬೆಂಗಳೂರು ಪಾಲಿಟೆಕ್ನಿಕ್‌ನ ವಿದ್ಯಾರ್ಥಿ, ವಿ.ಕೆ. ಮೂರ್ತಿಯವರ ಸಹಾಯಕರಾಗಿ ಪಳಗಿದವರು. 'ಕಾಡು' ಕಿಟ್ಟಿ ಎಂಬ ಹುಡುಗನ ಕಣ್ಣಿನಿಂದ ಕಾಣುವ ಹಳ್ಳಿ. 'ಅಂಕುರ್' ಹೈದರಾಬಾದಿನ ಸುತ್ತಲಿನ ಹಳ್ಳಿ, ಅದರ ಜನ ಆಡುವುದು ದಖ್ಖನಿ, ನಮ್ಮ ಬೀದರ್ ಕಲಬುರಗಿಯ ಓಣಿಗಳಲ್ಲಿ ದಿನವೂ ಕಿವಿಗೆ ಬೀಳುವ ಮಾತು. ಮೂರ್ತಿಯವರ ಶಿಷ್ಯನೆಂದು ಬಿದರಿಯ ಕಪ್ಪನ್ನು ಹುಡುಕುತ್ತಾ ಕುಳಿತರೆ 'ಅಂಕುರ್'ನಲ್ಲಿ ಸಿಗುವುದು ನಮ್ಮ ಬಿಸಿಲು. ಮುಚ್ಚಿಡಲು ನೆರಳೇ ಇಲ್ಲದ ಬಯಲು ಬೆಳಕು. ಜಮೀನ್ದಾರನ ಮಗ ಮಾಡಿದ ಅನ್ಯಾಯ ಹಾಡಹಗಲೇ ನಡೆಯುತ್ತದೆ, ಎಲ್ಲರ ಕಣ್ಣೆದುರು. ಕೊನೆಗೆ ಒಬ್ಬ ಹುಡುಗ ಅವನ ಕಿಟಕಿಗೆ ಕಲ್ಲು ಎಸೆಯುತ್ತಾನೆ, ಪರದೆ ಕೆಂಪಾಗುತ್ತದೆ.

ಗುರು ಶಿಷ್ಯರ ಈ ಕತೆ ಅಲ್ಲಿಗೆ ಮುಗಿಯಲಿಲ್ಲ. ಮುಂದೆ ನಿಹಲಾನಿ ನಿರ್ದೇಶಕರಾಗಿ ದೂರದರ್ಶನಕ್ಕೆ 'ತಮಸ್' ಮಾಡಿದಾಗ, ಕ್ಯಾಮೆರಾದ ಹಿಂದೆ ತಮ್ಮ ಗುರು ಮೂರ್ತಿಯವರನ್ನೇ ಕರೆತಂದರು. 1988ರಲ್ಲಿ ಅದು ಪ್ರಸಾರವಾಯಿತು.

ನಿಮ್ಮ ಗುಂಪಿಗೆ ಶುರು ಮಾಡಲು ನನ್ನ ಸಲಹೆ ಇಷ್ಟು. ಮೊದಲ ದಿನ ಪೂರ್ತಿ ಚಿತ್ರ ಹಾಕಬೇಡಿ. 'ಸಾಕಿಯಾ' ಹಾಡೊಂದನ್ನೇ ಹಾಕಿ, ಧ್ವನಿ ಪೂರ್ತಿ ತೆಗೆದುಬಿಡಿ, ಕೋಣೆಯ ದೀಪ ಆರಿಸಿ. ಮೊಬೈಲ್‌ನಲ್ಲಿ ಬೇಡ, ಸಣ್ಣ ಪರದೆಯಲ್ಲಿ ಕಪ್ಪಿನೊಳಗಿನ ಕಪ್ಪು ಕಾಣುವುದಿಲ್ಲ. ಹಿಂದೆ ಕುಣಿಯುವವರಲ್ಲಿ ಯಾರಾದರೊಬ್ಬರ ಮುಖವನ್ನು ಗುರುತಿಸಿ ಎಂದು ಗೆಳೆಯರಿಗೆ ಹೇಳಿ. ನಮ್ಮಲ್ಲಿ ಮೂರು ಸಲ ಹಾಕಿದರೂ ಯಾರಿಗೂ ಆಗಲಿಲ್ಲ, ನಾಲ್ಕನೆಯ ಸಲ ಶಿಕ್ಷಕರು ಪರದೆಯ ಹತ್ತಿರ ಹೋಗಿ ಮಂಡಿಯೂರಿ ಕುಳಿತರು.